ಎಂಟನೇ ತಾರೀಕು, ಏಳನೇ ತಿಂಗಳು

ನನ್ನ ಬಂಗಾರಿ,

ಈ ಹೆಸರು ನಾನಿಟ್ಟದ್ದಲ್ಲ. ನಿನ್ನ ಅಮ್ಮ ನಿನ್ನನ್ನು ಹೀಗೆ ಕರೆಯುತ್ತಿದ್ದಳಂತೆ. ಬೇರೆ ಹೆಸರು ಹುಡುಕುವಷ್ಟು ಹೊತ್ತು ನೀನು ನಿಲ್ಲಲಿಲ್ಲ. ನೀನು ಬದುಕಿದ್ದು ಹನ್ನೊಂದು ದಿನ. ಅದರಲ್ಲಿ ಒಂದು ದಿನವೂ ನಾನು ನಿನ್ನ ಹತ್ತಿರ ಇರಲಿಲ್ಲ. ಆದ್ದರಿಂದ ನಿನ್ನ ಅಪ್ಪ ಯಾರು, ಎಲ್ಲಿದ್ದ, ಯಾಕೆ ಬರಲಿಲ್ಲ ಎಂಬುದನ್ನೆಲ್ಲ ಮೊದಲಿನಿಂದ ಹೇಳಬೇಕಾಗಿದೆ.

ನಾನು ಸರಕು ಹಡಗೊಂದರಲ್ಲಿ ಅಡುಗೆಯವನಾಗಿದ್ದೆ. ಇಪ್ಪತ್ತೆರಡು ಜನರಿಗೆ ದಿನಕ್ಕೆ ಮೂರು ಹೊತ್ತು ಬೇಯಿಸಿ ಹಾಕುವುದು ನನ್ನ ಕೆಲಸ. ಪಾತ್ರೆಗಳು ಜಾರಬಾರದೆಂದು ಒಲೆಗೆ ಸುತ್ತ ಕಂಬಿ ಹಾಕಿರುತ್ತಿದ್ದರು. ಅಲೆ ಜೋರಾದರೆ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಸೌಟು. ಆ ಇಪ್ಪತ್ತೆರಡು ಜನ ಏಳೆಂಟು ದೇಶಗಳಿಂದ ಬಂದವರು. ಉಪ್ಪು ಖಾರದ ವಿಷಯದಲ್ಲಿ ಹೇಗೋ ಎಲ್ಲರನ್ನೂ ಒಂದು ದಾರಿಗೆ ತಂದಿದ್ದೆ. ತಾರೀಕಿನ ವಿಷಯದಲ್ಲಿ ಮಾತ್ರ ಯಾರೂ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಕ್ಯಾಪ್ಟನ್ ತಿಂಗಳನ್ನು ಮೊದಲು ಬರೆಯುವ ದೇಶದವನು. ಎರಡನೇ ಎಂಜಿನಿಯರ್ ವರ್ಷವನ್ನು ಮೊದಲು ಬರೆಯುತ್ತಿದ್ದ. ಮನೆಯ ಹಿರಿಯನನ್ನು ಬಿಟ್ಟು ಮೊಮ್ಮಗನನ್ನು ಮುಂದೆ ಕೂರಿಸುತ್ತಾರೇನು ಎಂದು ನಮ್ಮನ್ನೇ ಹೀಯಾಳಿಸುತ್ತಿದ್ದ. ಅವನ ಊರಿನಲ್ಲಿ ತಿಂಗಳುಗಳಿಗೆ ಹೆಸರೇ ಇಲ್ಲವಂತೆ. ಒಂದನೇ ತಿಂಗಳು, ಎರಡನೇ ತಿಂಗಳು, ಅಷ್ಟೇ. ಎಂಜಿನ್ನಿಗೆ ಎಣ್ಣೆ ಹಾಕುವವನೊಬ್ಬ ಇಪ್ಪತ್ತೊಂದು ಎನ್ನಲು ಒಂದು-ಮತ್ತು-ಇಪ್ಪತ್ತು ಎನ್ನುತ್ತಿದ್ದ. ನಮ್ಮದೂ ಏನು ಕಡಿಮೆ ವಿಚಿತ್ರವಲ್ಲ ಬಿಡು. ಬಾಯಲ್ಲಿ ಜುಲೈ ಎಂಟು ಎನ್ನುತ್ತೇವೆ, ಬರೆಯಲು ಕೂತರೆ ಎಂಟನ್ನು ಮೊದಲು ಬರೆಯುತ್ತೇವೆ.

ಒಮ್ಮೆ ಕ್ಯಾಪ್ಟನ್ನಿನ ಕಾಗದದಲ್ಲಿ ಹುಟ್ಟಿದ ದಿನ 4/3 ಎಂದಿದ್ದದ್ದನ್ನು ನೋಡಿ ಮಾರ್ಚ್ ನಾಲ್ಕಕ್ಕೆ ಕೇಕ್ ಮಾಡಿಟ್ಟೆ. ಅವನು ಹುಟ್ಟಿದ್ದು ಏಪ್ರಿಲ್ ಮೂರಕ್ಕೆ. ಆದರೂ ಸುಮ್ಮನೆ ಮೇಣದಬತ್ತಿ ಊದಿ, ಎರಡು ತುಂಡು ತಿಂದು, ಆಮೇಲೆ ಹೇಳಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇಷ್ಟೆಲ್ಲ ಗೊತ್ತಿದ್ದವನೇ ನಾನು. ಅದೇ ತಿಂಗಳ ಕೊನೆಯಲ್ಲಿ ನನ್ನ ರಜೆಯ ಅರ್ಜಿ ತುಂಬುವಾಗ ಹಡಗಿನಿಂದ ಇಳಿಯುವ ದಿನ ಎಂಬ ಕಡೆ 8/7 ಎಂದು ಬರೆದೆ. ನೀನು ಜುಲೈ ಹದಿನಾರರ ಸುಮಾರಿಗೆ ಬರುತ್ತೀಯೆಂದು ಡಾಕ್ಟರ್ ಹೇಳಿದ್ದರು. ಒಂದು ವಾರ ಮುಂಚೆ ಮನೆಯಲ್ಲಿರಬೇಕು, ನಿನ್ನ ಅಮ್ಮನಿಗೆ ನನ್ನ ಕೈಯಡುಗೆ ಹಾಕಬೇಕು ಎಂದು ನನ್ನ ಲೆಕ್ಕಾಚಾರ. ಅರ್ಜಿ ಹೋದದ್ದು ತಿಂಗಳನ್ನು ಮೊದಲು ಓದುವ ಊರಿನ ಕಚೇರಿಗೆ. ಅಲ್ಲಿನ ಗುಮಾಸ್ತೆ ಅದನ್ನು ಆಗಸ್ಟ್ ಏಳು ಎಂದು ಓದಿದಳು.

ಹಡಗು ಒಂದು ದಿನ ಮುಂಚೆಯೇ, ಜುಲೈ ಏಳರ ಬೆಳಿಗ್ಗೆ, ಬಂದರಿಗೆ ಬಂತು. ನಾನು ಚೀಲ ಕಟ್ಟಿ, ಗಡ್ಡ ಹೆರೆದು, ಮೆಟ್ಟಿಲ ಹತ್ತಿರ ನಿಂತಿದ್ದೆ. ನನ್ನ ಜಾಗಕ್ಕೆ ಬರಬೇಕಾಗಿದ್ದ ಅಡುಗೆಯವನು ಬರಲಿಲ್ಲ. ಬಂದರಿನ ಏಜೆಂಟ್ ಇಳಿಯುವವರ ಪಟ್ಟಿ ತಂದ. ಅದರಲ್ಲಿ ನನ್ನ ಹೆಸರಿರಲಿಲ್ಲ. ಎರಡು ಸಲ ಓದಿದ, ಕಾಗದ ತಿರುಗಿಸಿ ನೋಡಿದ. ಕ್ಯಾಪ್ಟನ್ ಕಚೇರಿಗೆ ಫೋನ್ ಮಾಡಿ ಕೇಳಿದ ಮೇಲೆ ತಪ್ಪು ಏನೆಂದು ತಿಳಿಯಿತು. ಮುಂದಿನ ಬಂದರಿಗೆ, ಅಂದರೆ ಒಂಬತ್ತು ದಿನದ ನಂತರ, ಬೇರೆಯವನನ್ನು ಕಳಿಸುತ್ತೇವೆ ಎಂದರು.

ಇಲ್ಲಿಯವರೆಗಿನದನ್ನು ನಿನ್ನ ಅಮ್ಮನಿಗೆ, ನಿನ್ನ ದೊಡ್ಡಮ್ಮನಿಗೆ, ಕೇಳಿದವರಿಗೆಲ್ಲ ಹೇಳಿದ್ದೇನೆ. ಇದರ ಮುಂದಿನದನ್ನು ಯಾರಿಗೂ ಹೇಳಿರಲಿಲ್ಲ.

ಕ್ಯಾಪ್ಟನ್ ನನ್ನನ್ನು ತನ್ನ ಕೋಣೆಗೆ ಕರೆದು ಬಾಗಿಲು ಹಾಕಿದ. ಅವನ ಮೇಜಿನ ಮೇಲೆ ನನ್ನ ಅರ್ಜಿಯ ಪ್ರತಿ ಇತ್ತು. ನಮ್ಮಿಬ್ಬರಿಗೂ ಅರೆಬರೆ ಬರುವ ಭಾಷೆಯಲ್ಲಿ ಅವನು ಹೇಳಿದ್ದು ಇಷ್ಟು: "ಅರ್ಧ ದಿನ ಹಡಗು ನಿಲ್ಲಿಸ್ತೀನಿ. ನೀನು ಇಳಿಯೋಕೆ ಬೇಕಾದ ಕಾಗದ ಅಷ್ಟರೊಳಗೆ ಮಾಡಿಸ್ತೀನಿ. ಅಡುಗೆ ನಾವೇ ಹೇಗೋ ಮಾಡ್ಕೋತೀವಿ. ಮೇಲಿನವರಿಗೆ ನಾನು ಉತ್ತರ ಹೇಳ್ತೀನಿ. ನೀನು ಹೂಂ ಅನ್ನು, ಸಾಕು."

ನಾನು ಹೂಂ ಅನ್ನಲಿಲ್ಲ, ಮಗಳೇ. "ಬೇಡ ಸಾರ್, ಇನ್ನೂ ಟೈಮಿದೆ" ಅಂದೆ.

ಯಾಕೆ ಹಾಗಂದೆ ಎಂದು ಎಷ್ಟು ಸಲ ನನ್ನನ್ನೇ ಕೇಳಿಕೊಂಡಿದ್ದೇನೋ. ದೊಡ್ಡ ಕಾರಣವೇನೂ ಸಿಗುವುದಿಲ್ಲ. ಸಂಕೋಚ, ಅಷ್ಟೇ. ನನ್ನೊಬ್ಬನಿಗಾಗಿ ಅಷ್ಟು ದೊಡ್ಡ ಹಡಗು ನಿಲ್ಲುವುದೇ, ಒಂಬತ್ತು ದಿನ ಎಲ್ಲರೂ ಮೊಟ್ಟೆ ಬೇಯಿಸಿಕೊಂಡು ತಿನ್ನುವುದೇ ಎಂಬ ಸಂಕೋಚ. ಚಿಕ್ಕಂದಿನಿಂದಲೂ ನಾನು ಯಾರಿಗೂ ತೊಂದರೆ ಕೊಡದವನು ಎಂದು ಹೆಸರು ತೆಗೆದುಕೊಂಡವನು. ಆ ಹೆಸರು ಉಳಿಸಿಕೊಂಡೆ. ಕ್ಯಾಪ್ಟನ್ ಸರಿ ಎಂದ. ಸಂಜೆ ಐದಕ್ಕೆ ಹಗ್ಗ ಬಿಚ್ಚಿದರು. ನಾನು ಕಟ್ಟಿದ ಚೀಲ ಬಿಚ್ಚಿ ಅಕ್ಕಿ ತೊಳೆಯಲು ಹೋದೆ.

ನೀನು ಹದಿನಾರರವರೆಗೆ ಕಾಯಲಿಲ್ಲ. ಹತ್ತನೇ ತಾರೀಕಿಗೇ ಬಂದುಬಿಟ್ಟೆ. ಸುದ್ದಿ ತಿಳಿದಾಗ ಸುತ್ತ ನೀರು ಬಿಟ್ಟರೆ ಇನ್ನೇನೂ ಇರಲಿಲ್ಲ. ಎಲ್ಲರೂ ಬೆನ್ನು ತಟ್ಟಿದರು. ನಾನು ಎಲ್ಲರಿಗೂ ಸಿಹಿ ಮಾಡಿ ಹಂಚಿದೆ. ನಿನ್ನ ಹೃದಯದಲ್ಲಿ ತೂತಿದೆ ಎಂಬ ಸುದ್ದಿ ಮಾರನೆಯ ದಿನ ಬಂತು. ಅಂದಿನಿಂದ ಆ ಹಡಗಿನ ವೇಗವನ್ನು ನಾನು ಗೋಡೆಗೆ ಕಿವಿ ಕೊಟ್ಟು ಕೇಳುತ್ತಿದ್ದೆ. ಹದಿನಾರಕ್ಕೆ ಬಂದರಿನ ಎದುರು ತಲುಪಿದೆವು. ಒಳಗೆ ಜಾಗ ಖಾಲಿಯಿಲ್ಲ, ಕಾಯಿರಿ ಎಂದರು. ಮೂರು ದಿನ ಲಂಗರು ಹಾಕಿ ನಿಂತೆವು. ದಡದ ಮನೆಗಳ ಕಿಟಕಿಗಳು ಕಾಣುತ್ತಿದ್ದವು, ಯಾರೋ ಬಟ್ಟೆ ಒಣಹಾಕುವುದು ಕಾಣುತ್ತಿತ್ತು. ಕ್ಯಾಪ್ಟನ್ ತನ್ನ ಫೋನ್ ಕೊಟ್ಟ. ಆಸ್ಪತ್ರೆಯಲ್ಲಿ ನಿನ್ನ ದೊಡ್ಡಮ್ಮ ಅದನ್ನು ನಿನ್ನ ಗಾಜಿನ ಪೆಟ್ಟಿಗೆಗೆ ಹಿಡಿದಳಂತೆ. ನಿನ್ನ ದನಿ ಕೇಳುತ್ತದೆಂದು ಕಾದೆ. ಯಂತ್ರದ ಟಿಕ್ ಟಿಕ್ ಬಿಟ್ಟು ಇನ್ನೇನೂ ಕೇಳಲಿಲ್ಲ.

ಹತ್ತೊಂಬತ್ತಕ್ಕೆ ಇಳಿದೆ. ಎರಡು ವಿಮಾನ ಬದಲಿಸಿ ಇಪ್ಪತ್ತೊಂದರ ಮಧ್ಯಾಹ್ನ ಆಸ್ಪತ್ರೆಯ ಮೆಟ್ಟಿಲು ಹತ್ತಿದೆ. ನೀನು ಇಪ್ಪತ್ತರ ಸಂಜೆ ಹೋಗಿದ್ದೆ. ನಿನ್ನ ಕೋಣೆಯ ನೆಲವನ್ನು ಒಬ್ಬಳು ಒರೆಸುತ್ತಿದ್ದಳು. ನನ್ನನ್ನು ನೋಡಿ, ಒಣಗೋವರೆಗೂ ಕಾಲಿಡಬೇಡಿ ಎಂದಳು. ನಾನು ಚೀಲ ಹಿಡಿದುಕೊಂಡು ಅದು ಒಣಗುವವರೆಗೂ ಬಾಗಿಲಲ್ಲೇ ನಿಂತಿದ್ದೆ.

ಆಮೇಲೆ ಕಚೇರಿಯಿಂದ ಕ್ಷಮೆ ಕೇಳಿ ಒಂದು ಪತ್ರ ಬಂತು. ಆ ಗುಮಾಸ್ತೆಯೇ ಕೈಯಾರೆ ಬರೆದದ್ದು. ತಿಂಗಳನ್ನು ಅಂಕಿಯಲ್ಲಲ್ಲ, ಅಕ್ಷರದಲ್ಲಿ ಬರೆದಿದ್ದಳು. ನಿನ್ನ ಅಮ್ಮ ಅದನ್ನು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ದಾರದ ಉಂಡೆಗಳ ಜೊತೆ ಇಟ್ಟುಕೊಂಡಳು. ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ದಾರ ಬೇಕಾದಾಗಲೆಲ್ಲ ಆ ಪತ್ರ ಅವಳ ಕೈಗೆ ಸಿಗುತ್ತಿತ್ತು, ಸಿಕ್ಕಾಗಲೆಲ್ಲ ಆ ಹೆಂಗಸನ್ನು ಶಪಿಸುತ್ತಿದ್ದಳು. ಅವಳ ಕಣ್ಣು ಇಂಗಿಹೋಗಲಿ, ಅವಳ ಕೈ ಬಿದ್ದುಹೋಗಲಿ. ಯಾವತ್ತೂ ಯಾರಿಗೂ ಕೆಟ್ಟ ಮಾತು ಆಡದವಳು ನಿನ್ನ ಅಮ್ಮ. ನಾನು ಎದುರಿಗೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಹನ್ನೊಂದು ತಿಂಗಳು ಕೇಳಿಸಿಕೊಂಡೆ. ಹಡಗಿನ ಕೆಲಸ ಬಿಟ್ಟು ಕಾರ್ಖಾನೆಯೊಂದರ ಕ್ಯಾಂಟೀನು ಸೇರಿದೆ. ದಿನಾ ಸಂಜೆ ಮನೆಗೆ ಬರುತ್ತಿದ್ದೆ. ನಾವಿಬ್ಬರೂ ಅಡುಗೆ, ನೀರು, ಬಾಗಿಲ ಚಿಲಕ ಇಂಥ ವಿಷಯ ಮಾತಾಡುತ್ತಿದ್ದೆವು. ನಿನ್ನ ಬಗ್ಗೆ ಮಾತ್ರ ಅವಳು ನನಗೆ ಏನೂ ಹೇಳುತ್ತಿರಲಿಲ್ಲ. ಕೇಳಿದರೆ, "ನೀವು ಇರ್ಲಿಲ್ವಲ್ಲ" ಅನ್ನುತ್ತಿದ್ದಳು. ಅದರಲ್ಲಿ ಸಿಟ್ಟಿರಲಿಲ್ಲ. ಅಲ್ಲಿದ್ದವರಿಗಷ್ಟೇ ಗೊತ್ತಾಗುವ ವಿಷಯ ಎಂಬಂತೆ ಹೇಳುತ್ತಿದ್ದಳು.

ಹೋದ ಭಾನುವಾರ ಮಧ್ಯಾಹ್ನ ಅವಳು ನೆಲದ ಮೇಲೆ ಬಟ್ಟೆ ಹರವಿ ಕತ್ತರಿಸುತ್ತಿದ್ದಳು. ದಾರ ತೆಗೆಯಲು ಡ್ರಾಯರು ಎಳೆದಳು, ಪತ್ರ ಸಿಕ್ಕಿತು. "ಅವಳಿಗೂ ಒಂದು ಮಗು ಇರ್ಬೇಕು, ಆಗ ಗೊತ್ತಾಗತ್ತೆ" ಅಂದಳು. ನನ್ನಿಂದ ಆಗಲಿಲ್ಲ. ಕ್ಯಾಪ್ಟನ್ ಕರೆದದ್ದು, ಬಾಗಿಲು ಹಾಕಿದ್ದು, ಅವನು ಅಂದದ್ದು, ನಾನು ಅಂದದ್ದು, ಎಲ್ಲ ಹೇಳಿದೆ. ಆ ಹೆಂಗಸು ಅಂಕಿ ತಿರುವಿ ಓದಿದ್ದು ನಿಜ, ಆದರೆ ಹಡಗಿನಿಂದ ಇಳಿಯದೆ ಕೂತವನು ನಾನು ಎಂದೆ.

ಅವಳು ಕತ್ತರಿಯನ್ನು ಬಟ್ಟೆಯ ಮಧ್ಯದಲ್ಲೇ ಬಿಟ್ಟಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. "ನಾನಾಗಿದ್ರೆ ಹೂಂ ಅಂತಿದ್ದೆ" ಅಂದಳು. ಅಷ್ಟೇ. ಎದ್ದು ಹೋಗಿ ಮುಖ ತೊಳೆದುಕೊಂಡಳು.

ಆರು ದಿನ ನಮ್ಮ ನಡುವೆ ಅಡುಗೆ ನೀರಿನ ಮಾತೂ ಇರಲಿಲ್ಲ. ನಿನ್ನ ದೊಡ್ಡಮ್ಮ ಒಮ್ಮೆ ಬಂದು, ಇಬ್ಬರ ಮುಖ ನೋಡಿ, ಕಾಫಿಯನ್ನೂ ಕುಡಿಯದೆ ಹೋದಳು. ಬಿಟ್ಟುಹೋಗುತ್ತಾಳೇನೋ ಎಂದು ಪ್ರತಿ ಸಂಜೆ ಬೀಗ ತೆಗೆದೊಡನೆ ಮೊದಲು ಅವಳ ಚಪ್ಪಲಿ ಇದೆಯೇ ಎಂದು ನೋಡುತ್ತಿದ್ದೆ.

ನಿನ್ನೆ ಸಂಜೆ ನಾನು ಬಂದಾಗ ಅವಳು ಮೆಷಿನ್ನಿನ ಮುಂದೆ ಸುಮ್ಮನೆ ಕೂತಿದ್ದಳು. ಕೂತ್ಕೊಳ್ಳಿ ಎಂದಳು, ಕೂತೆ. ನನ್ನ ಕಡೆ ನೋಡದೆ, ಗೋಡೆಗೆ ಹೇಳುವವಳ ಹಾಗೆ, "ಹತ್ತನೇ ತಾರೀಕು ಅವಳು ಅಳ್ಳೇ ಇಲ್ಲ. ಪಾದಕ್ಕೆ ತಟ್ಟಿದ್ಮೇಲೆ ಅತ್ತಿದ್ದು" ಎಂದು ಶುರು ಮಾಡಿದಳು.

ಬಂಗಾರಿ, ನಿನ್ನ ಕಿವಿಗಳು ನನ್ನವಂತೆ, ಮೇಲೆ ಸ್ವಲ್ಪ ಮಡಿಚಿಕೊಂಡಿದ್ದವಂತೆ. ಹನ್ನೆರಡಕ್ಕೆ ಒಂದೇ ಕಣ್ಣು ತೆರೆದೆಯಂತೆ, ಇನ್ನೊಂದನ್ನು ಮಾರನೆಯ ದಿನಕ್ಕೆ ಉಳಿಸಿಕೊಂಡೆಯಂತೆ. ಒಂದು ದಿನ ಗಂಟೆಗಟ್ಟಲೆ ಬಿಕ್ಕಳಿಸಿ ನರ್ಸನ್ನು ನಗಿಸಿದೆಯಂತೆ. ಹದಿನೈದಕ್ಕೆ ನಿನ್ನನ್ನು ಇಪ್ಪತ್ತು ನಿಮಿಷ ಅಮ್ಮನ ಎದೆಯ ಮೇಲೆ ಮಲಗಿಸಿದ್ದರು. ನೀನು ಅವಳ ಸರವನ್ನು ಹಿಡಿದುಕೊಂಡು ಬಿಡಲೇ ಇಲ್ಲ, ಬಿಡಿಸಲು ಇಬ್ಬರು ಬೇಕಾದರು. ಅದನ್ನು ಹೇಳುವಾಗ ನಿನ್ನ ಅಮ್ಮ ನಕ್ಕಳು. ನಾನು ಹನ್ನೊಂದು ತಿಂಗಳಲ್ಲಿ ಕಂಡ ಮೊದಲ ನಗು ಅದು. ಹದಿನೆಂಟಕ್ಕೆ ನಿನ್ನ ತೂಕ ಇಪ್ಪತ್ತು ಗ್ರಾಂ ಹೆಚ್ಚಿತ್ತಂತೆ. ಉಳಿದುಕೊಳ್ಳುತ್ತಾಳೆ ಎಂದು ಆ ದಿನ ಅವಳು ಒಂದು ಅಂಗಿ ಕತ್ತರಿಸಿದಳಂತೆ.

ಅಲ್ಲಿಗೆ ನಿಂತಳು. ಹತ್ತೊಂಬತ್ತು ಎಂದು ನಾನೇ ಮೆಲ್ಲಗೆ ಹೇಳಿದೆ. ಅವಳು ತಲೆಯಾಡಿಸಿ, ಮೊದಲ ಸಲ ನನ್ನ ಕಡೆ ತಿರುಗಿದಳು.

"ಆ ಎರಡು ದಿನ ನನ್ನ ಹತ್ರಾನೇ ಇರ್ಲಿ" ಅಂದಳು.

ಇರಲಿ. ನಾನು ಇನ್ನು ಕೇಳುವುದಿಲ್ಲ. ನನಗೆ ಒಂಬತ್ತು ದಿನದ ಮಗಳು ಸಿಕ್ಕಿದ್ದಾಳೆ. ನಿನ್ನೆಯವರೆಗೆ ಅದೂ ಇರಲಿಲ್ಲ.

ನೀನೆಲ್ಲಿದ್ದರೂ ಬೆಚ್ಚಗಿರು, ಕಂದ. ನಿನ್ನನ್ನು ಎತ್ತಿಕೊಳ್ಳುವ ಕೈಗಳು ಸಂಕೋಚವಿಲ್ಲದ ಕೈಗಳಾಗಿರಲಿ.

ನಿನ್ನನ್ನು ಒಮ್ಮೆಯೂ ಎತ್ತಿಕೊಳ್ಳದ,
ನಿನ್ನ ಅಪ್ಪ