ವಿಲಾಯತಿ ಕಾಗದ

೧೧ ಜುಲೈ ೧೯೭೪, ಬಸವಕಲ್ಯಾಣ
ಬೆಳಿಗ್ಗೆ ಎರಡು ಕ್ಲಾಸು. ಹಾಜರಿ ಕೂಗುವುದರಲ್ಲೇ ಅರ್ಧ ಹೊತ್ತು ಹೋಯಿತು. ಮಧ್ಯಾಹ್ನ ಲಂಡನ್ನಿನ ಜರ್ನಲ್‌ನಿಂದ ಲಕೋಟೆ — ನನ್ನ ಲೇಖನ ಹಾಕುತ್ತಾರಂತೆ! ಘಾಟಬೋರಾಳದ ರೈತರು ಒಂದೇ ಬಾವಿಯ ನೀರನ್ನು ಪಾಳಿಯ ಮೇಲೆ ಹಂಚಿಕೊಳ್ಳುತ್ತಿದ್ದ ಬಗೆಯ ಕುರಿತು ಬರೆದದ್ದು. ಒಂದೇ ಷರತ್ತು: ಬೇರೆಲ್ಲೂ ಅಚ್ಚಾಗಿರಬಾರದು. ಇಲ್ಲಿ ಅಚ್ಚು ಹಾಕುವವರಾದರೂ ಯಾರು!

ಪ್ರಿನ್ಸಿಪಾಲರು ಮೊದಲ ಸಲ ಕುರ್ಚಿ ತೋರಿಸಿದರು. "ಯೂನಿವರ್ಸಿಟಿ ಇಂಟರ್‌ವ್ಯೂದಾಗ ಆ ಜರ್ನಲ್ ಹೆಸರೊಂದೇ ಸಾಕು ನೋಡ್ರಿ, ನಾಗನಾಥ." ಈ ಟೆಂಪೊರರಿ ನೌಕರಿಯ ಕಾಟ ಮುಗಿದಂತೆ...

೧೪ ಜುಲೈ, ಭಾನುವಾರ
ಹುಮನಾಬಾದಿಗೆ ಹೋಗಿ ಮಹಾರುದ್ರಪ್ಪ ಮಾಸ್ತರರ ಕಾಲಿಗೆ ಬಿದ್ದೆ. ನನಗೆ ಇಂಗ್ಲಿಷ್ ಕಲಿಸಿದವರು. ಈಗ ಕಣ್ಣಿಗೆ ಪೊರೆ. ಮಗಳು ಸರುಬಾಯಿ ಓದಿ ಹೇಳಲಿ ಎಂದು ಲೇಖನದ ಒಂದು ಪ್ರತಿ ಕೊಟ್ಟು ಬಂದೆ.

೨೯ ಸೆಪ್ಟೆಂಬರ್
ಮಾಸ್ತರರ ಶಾಲೆಯ ಬೆಳ್ಳಿಹಬ್ಬ. ಸ್ಮರಣ ಸಂಚಿಕೆ ಕೈಗಿಟ್ಟರು. ತೆರೆದರೆ ನನ್ನ ಲೇಖನ, ಕನ್ನಡದಲ್ಲಿ! ಮಾಸ್ತರರು ತಾವೇ ಕನ್ನಡ ಮಾಡಿ, ಬಾಯಲ್ಲಿ ಹೇಳಿ ಮಗಳ ಕೈಲಿ ಬರೆಸಿದ್ದಾರೆ.

"ವಿಲಾಯತಿಯವರಿಗಿಂತ ಮೊದಲ ನಮ್ಮ ಮಂದಿ ಓದಬೇಕಲ್ಲೋ. ಅವರಿಗೂ ಒಂದು ಪ್ರತಿ ಕಳಿಸೀನಿ, ಇಂಗ್ಲಿಷಿನಾಗ ಚೀಟಿ ಬರೆಸಿ. ಇಲ್ಲಿ ನಿನಗ ಎಂಥ ಇಜ್ಜತ್ ಅದ, ಅವರಿಗೂ ತಿಳೀಲಿ."

ಷರತ್ತಿನ ಮಾತು ಅವರಿಗೆ ಹೇಳಿರಲೇ ಇಲ್ಲ. ಶಾಲು ಹೊದಿಸಿದರು. ನಕ್ಕೆ.

೨ ಡಿಸೆಂಬರ್
ಲಂಡನ್ನಿನಿಂದ ಎರಡು ಸಾಲು. ಈಗಾಗಲೇ ಅಚ್ಚಾದದ್ದನ್ನು ಹಾಕುವುದಿಲ್ಲ. ಮುಗಿಯಿತು.

ಹೆಂಡತಿ ಪಾರ್ವತಿಬಾಯಿ ಒಲೆ ಮುಂದಿನಿಂದ ಎದ್ದೇ ಬಂದಳು. "ಮಾಸ್ತರಿಗೆ ಹೇಳಬ್ಯಾಡ್ರಿ. ಎದಿ ಒಡಕೋತಾರ."

೧೯ ಫೆಬ್ರುವರಿ ೧೯೭೫
ಇಂಟರ್‌ವ್ಯೂ. ಬೇರೇನಿದೆ, ಸ್ಮರಣ ಸಂಚಿಕೆಯನ್ನೇ ಮುಂದಿಟ್ಟೆ. ಒಬ್ಬರು ಹಾಳೆ ತಿರುವಿ, ಕಿರಾಣಿ ಅಂಗಡಿಯ ಜಾಹೀರಾತು ನೋಡಿ ನಕ್ಕರು. ಬಾವಿಯ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಕೆಲಸ ಇನ್ನೊಬ್ಬರಿಗೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಸಿಟ್ಟು ಮಾಡಬೇಕೆಂದರೂ ಯಾರ ಮೇಲೆ ಮಾಡಲಿ?

೬ ಏಪ್ರಿಲ್, ಹುಮನಾಬಾದ್
ಮಾಸ್ತರರು ಹಾಸಿಗೆ ಹಿಡಿದಿದ್ದಾರೆ. ಕಣ್ಣು ಪೂರ್ತಿ ಹೋಗಿದೆ. ನನ್ನ ದನಿ ಕೇಳಿದ್ದೇ ತಡ —

"ಜರ್ನಲ್ ಬಂತೇನೋ?"

"ಬಂದದ್ರಿ ಸರ."

ಚೀಲದಲ್ಲಿದ್ದದ್ದು ಲೇಖನದ ಟೈಪಿನ ಕಾರ್ಬನ್ ಪ್ರತಿ. ಅದನ್ನೇ ಕೈಗಿಟ್ಟೆ. ಹೆಬ್ಬೆರಳಿನಿಂದ ಸವರಿದರು.

"ಇಷ್ಟು ತೆಳ್ಳಗ ಇರ್ತದೇನು ವಿಲಾಯತಿ ಕಾಗದ?"

"ಹೌದ್ರಿ ಸರ."

ಸರುಬಾಯಿ ಬಾಗಿಲಲ್ಲೇ ನಿಂತಿದ್ದಳು. ಕಾಗದ ನೋಡಿದಳು, ನನ್ನನ್ನು ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

"ಓದು. ಮೊದಲ ನಿನ್ನ ಹೆಸರು ಓದು."

ಓದಿದೆ.

"ಇನ್ನೊಮ್ಮೆ."

ಮತ್ತೆ ಓದಿದೆ, ಈ ಸಲ ಜರ್ನಲ್ ಹೆಸರನ್ನೂ ಸೇರಿಸಿ.