ಹೊರಳಿಸದ ಹೆಣಿಗೆ

ಆಳಂದ, ೬ ಡಿಸೆಂಬರ್ ೧೯೪೧, ಶನಿವಾರ

ತುದಿಗೆ ಕೊಕ್ಕೆಯಿರುವ ಆ ಉದ್ದನೆಯ ಕ್ರೋಶಾ ಕಡ್ಡಿ ಇವತ್ತು ಕೊನೆಗೂ ಕೈಗೆ ಒಲಿಯಿತು. ಜೀವ ನಿರಾಳ.

ಜಿಡಗಾದಲ್ಲಿರುವ ತಂಗಿಯ ಕೂಸಿಗೆ ಉಣ್ಣೆಯ ಹೊದಿಕೆ ಬೇಕಿತ್ತು. ನನಗೆ ಬರುವ ಹೆಣಿಗೆಯ ತೂತುಗಳಲ್ಲಿ ಚಳಿಗಾಳಿ ನುಗ್ಗುತ್ತದೆ. ಟುನೀಸಿಯಾದ ಒತ್ತು ಹೆಣಿಗೆ ಕಲಿಸುತ್ತೇನೆಂದು ಪಕ್ಕದ ಮನೆಯ ಅಮೀರುನ್ನಿಸಾ ಆಪಾ ಎಷ್ಟು ಕರೆದರೂ ದಸರೆಯಿಂದ ನೆವ ಹೇಳುತ್ತ ಬಂದೆ. ಗೊತ್ತಿರುವುದೇ ಸಾಕು ಎನ್ನುತ್ತಿದ್ದೆ. ಒಳಗಿದ್ದದ್ದು ಬರೀ ಹೆದರಿಕೆ.

ಇದರಲ್ಲಿ ಕುಣಿಕೆಗಳೆಲ್ಲ ಕಡ್ಡಿಯ ಮೇಲೆಯೇ ಉಳಿಯುತ್ತವೆ. ಸಾಲು ಮುಗಿದೊಡನೆ ನಾನು ಹಳೆಯ ರೂಢಿಯಂತೆ ಹೆಣಿಗೆಯನ್ನು ಹೊರಳಿಸಿಬಿಡುತ್ತಿದ್ದೆ, ಎಲ್ಲ ಗೋಜಲಾಗುತ್ತಿತ್ತು. ಆಪಾ ಬಿಚ್ಚಿಸಿದರು, ಮತ್ತೆ ಬಿಚ್ಚಿಸಿದರು.

“ಅರಿವಿ ಹೊರಳಸಬ್ಯಾಡ್ರಿ ಸಕ್ಕುಬಾಯಿ. ಬಲದಿಂದ ಎಡಕ್ಕ ಕುಣಿಕಿ ಏರಿಸ್ಕೋತ ಹೋಗೂದು ನಮ್ಮ ಉರ್ದು ಬರದಂಗ. ಎಡದಿಂದ ಬಲಕ್ಕ ಇಳಿಸ್ಕೋತ ಬರೂದು ನಿಮ್ಮ ಕನ್ನಡ ಬರದಂಗ.”

ನಗು ಬಂತು. ಶಾಲೆಯಲ್ಲಿ ಉರ್ದು ಹಲಗೆಯ ಮುಂದೆ ಅಳುತ್ತಿದ್ದವಳು ನಾನು. ಸಂಜೆಯೊಳಗೆ ಅಂಗೈ ಅಗಲದ ಹೆಣಿಗೆ ಬೆಳೆದಿತ್ತು. ಬಾಯಿಗೆ ಹಿಡಿದು ಊದಿದೆ. ಉಸಿರು ಆಚೆ ದಾಟಲಿಲ್ಲ.

ಕಣ್ಣು ಎಳೆಯುತ್ತಿದೆ. ಬರೆಯುತ್ತ ಸಾಲು ಬಲತುದಿ ಮುಟ್ಟಿದರೆ ಸಾಕು, ಕೈ ಅಲ್ಲಿಂದಲೇ ಉರ್ದುವಿನ ಹಾಗೆ ಹಿಂದಕ್ಕೆ ಹೊರಡಲು ನೋಡುತ್ತದೆ.