ಕುಳ್ಳ ಬಾಗಿಲು

೩ ಫೆಬ್ರವರಿ, ಬಾಂಡುಂಗ್

ಮತ್ತೆ ಕ್ಲಾಸಿನ ಬಾಗಿಲಲ್ಲಿ ತಲೆ ಬಗ್ಗಿಸಿದೆ. ಅಷ್ಟೆತ್ತರದ ಬಾಗಿಲು, ಬಗ್ಗುವ ಅಗತ್ಯವೇ ಇಲ್ಲ. ಗಾಲಂಗ್ ಬೆಂಚಿನಿಂದಲೇ ಕೂಗಿದ: "ಬಂದ್ಳಪ್ಪಾ ವಿನಯವತಿ! ಮೇಷ್ಟ್ರೇ ಬಂದಿಲ್ಲ, ಯಾರಿಗೇ ನಮಸ್ಕಾರ?"

ಏನು ಹೇಳಲಿ... ಸೆಮರಾಂಗಿನ ನಮ್ಮ ಕಡಲಂಚಿನ ಕೇರಿಯಲ್ಲಿ ನೆಲ ಕುಸಿಯುತ್ತದೆ, ಉಬ್ಬರದ ನೀರು ಮನೆಯೊಳಗೆ ಬರುತ್ತದೆ. ಅಪ್ಪ ಮಣ್ಣು ಸುರಿದು ಒಳಗಿನ ನೆಲ ಎತ್ತರಿಸುತ್ತಾನೆ. ಮತ್ತೆ ಕುಸಿತ, ಮತ್ತೆ ಮಣ್ಣು. ಬಾಗಿಲ ಚೌಕಟ್ಟು ಮಾತ್ರ ಇದ್ದಲ್ಲೇ. ಈಗ ಅದರ ಮೇಲಿನ ಪಟ್ಟಿ ನನ್ನ ಹಣೆಯ ಮಟ್ಟಕ್ಕಿದೆ; ಬಗ್ಗಿ ಬಗ್ಗಿ ಅದೇ ಅಭ್ಯಾಸ.

ಈದ್ ರಜೆ ಮುಗಿಯುವುದರೊಳಗೆ ಸಿವಿಲ್ ಎಂಜಿನಿಯರಿಂಗಿನಲ್ಲಿ ಯಾವ ವಿಭಾಗ ಎಂದು ಆರಿಸಬೇಕು. ಅಪ್ಪನಿಗೆ ಸ್ಟ್ರಕ್ಚರ್, ಅಂದರೆ ಕಟ್ಟಡ ಕಟ್ಟುವ ವಿಭಾಗದ ಹುಚ್ಚು. ಸಿಟಿ ಬಸ್ಸು ಓಡಿಸುವಾಗ ದೊಡ್ಡ ಕಟ್ಟಡ ಕಂಡರೆ ಸಾಕು, "ಇಂಥದ್ದು ನನ್ ಮಗಳು ಕಟ್ತಾಳೆ, ನೋಡ್ತಿರಿ" ಅನ್ನುತ್ತಾನಂತೆ.

೧೦ ಫೆಬ್ರವರಿ

ಮಣ್ಣಿನ ಲ್ಯಾಬು. ಬಾಗಿಲಲ್ಲಿ ಬಗ್ಗಿದೆ. ಹಿಂದೆಯೇ ಬಂದ, ಮಣ್ಣಿನ ಪಾಠ ಮಾಡುವ ತಂತ್ರಿ ಮೇಡಮ್ಮೂ ಬಗ್ಗಿದರು! ಮುಖ ಮುಖ ನೋಡಿಕೊಂಡೆವು.

"ನಿಮ್ಮನೇಲಿ ಎಷ್ಟು ಸಲ ನೆಲ ಏರಿಸಿದ್ದಾರೆ?"

"ಮೂರು ಸಲ ಮೇಡಂ. ನಿಮ್ಮನೇಲಿ?"

"ನಾವೀಗ ಕಿಟಕಿಯಿಂದ ಹೋಗೋದೊಂದು ಬಾಕಿ."

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲೆ ಡಬ್ಬಿಯಿಂದ ಬೂದು ಕೆಸರು ತೆಗೆದು ನನ್ನ ಅಂಗೈಗಿಟ್ಟರು. "ನಿಮ್ಮೂರಿಂದೇ. ಇದು ಯಾಕೆ ಕುಸಿಯುತ್ತೆ ಅಂತ ಓದೋಕೆ ಯಾರೂ ಬರಲ್ಲ ಕಣಮ್ಮ. ಎಲ್ರಿಗೂ ಮೇಲೆ ಕಟ್ಟೋ ಆಸೆ." ಕೆಸರು ಬೆಣ್ಣೆಯ ಹಾಗಿತ್ತು. ಕೈ ತೊಳೆಯಲು ಮನಸ್ಸೇ ಬರಲಿಲ್ಲ.

೧ ಮಾರ್ಚ್

ರಂಜಾನ್ ಉಪವಾಸ. ಫೋನಿನಲ್ಲಿ ಅಪ್ಪನಿಗೆ ಹೇಳಿಬಿಟ್ಟೆ—ನಾನು ಮಣ್ಣು ಓದುತ್ತೇನೆ.

"ಮಣ್ಣಾ? ನಾನು ಜೀವಮಾನವಿಡೀ ಮಣ್ಣು ಹೊತ್ತಿದ್ದು ನೀನೂ ಹೊರ್ಲಿ ಅಂತಾನಾ?"

ಫೋನ್ ಇಟ್ಟುಬಿಟ್ಟ. ಅತ್ತುಬಿಟ್ಟೆ. ಸಂಜೆ ಉಪವಾಸ ಬಿಡುವ ಹೊತ್ತಿಗೆ ಗಾಲಂಗ್ ಖರ್ಜೂರ ತಂದುಕೊಟ್ಟು ಪಕ್ಕದಲ್ಲಿ ಕೂತ. ಒಳ್ಳೆಯ ಹುಡುಗ. ಬಾಗಿಲಲ್ಲಿ ಬಗ್ಗಿದಾಗಲೆಲ್ಲ ಬೆನ್ನಿಗೊಂದು ಗುದ್ದುತ್ತಾನೆ. ಅಭ್ಯಾಸ ಬಿಟ್ಟುಹೋಗುತ್ತಿದೆ.

೨೧ ಮಾರ್ಚ್, ಈದ್, ಮನೆ

ನಿನ್ನೆ ಬಂದೆ. ಅಪ್ಪ ಒಳಗೆ ಮುಖ ಬಿಗಿದು ಕೂತಿದ್ದ. ಕಂಡದ್ದೇ ಓಡಿದೆ—ಢಣ್! ಚೌಕಟ್ಟಿಗೆ ಹಣೆ. ಅಪ್ಪನ ಸಿಟ್ಟು ಎಲ್ಲಿ ಹೋಯಿತೋ, ಐಸಿಗಾಗಿ ಮನೆಯೆಲ್ಲ ತಡಕಾಡಿದ.

"ಬಗ್ಗೋದು ಮರೆತುಬಿಟ್ಯಾ ವೆನಿಂಗ್?"

"ಮರೆತೆ ಅಪ್ಪ."

ಇವತ್ತು ಬೆಳಿಗ್ಗೆ ಈದ್ ವಾಡಿಕೆಯಂತೆ ಅಪ್ಪನ ಮೊಣಕಾಲಿಗೆ ಹಣೆಯಿಟ್ಟು ಕ್ಷಮೆ ಕೇಳಬೇಕಿತ್ತು. ಬುಗುಟು ತಾಗಿ "ಅಯ್ಯಮ್ಮಾ" ಎಂದೆ, ಹೇಳಬೇಕಾದ ಮಾತು ಹಾರಿಹೋಯಿತು. ಅಪ್ಪ ತಲೆ ಸವರಿದ.

"ಮರೆತಿದ್ದು ಒಳ್ಳೇದೇ ಆಯ್ತು ಬಿಡು. ನಿನ್ನನ್ನ ಬಗ್ಗಿಸಿ ಬಗ್ಗಿಸಿ ಬೆಳೆಸಿದೆ ನಾನು." ಬುಗುಟಿಗೆ ಮೆಲ್ಲಗೆ ಊದಿದ. "ಹೋಗು, ಮಣ್ಣೇ ಓದು. ಆದ್ರೆ ಮೊದಲು ನಮ್ಮ ಕೇರಿ ಕುಸಿಯೋದು ನಿಲ್ಲಿಸ್ಬೇಕು, ಗೊತ್ತಾಯ್ತಾ?"

ನನ್ನಪ್ಪ. ಎಷ್ಟು ಮುದ್ದು ಬರುತ್ತದೆ ಇವನ ಮೇಲೆ.

ಈಗ ಪಕ್ಕದಲ್ಲೇ ಕೂತು, ನೆಲ ಯಾಕೆ ಕುಸಿಯುತ್ತೆ ಹೇಳು ಎಂದು ಪೀಡಿಸುತ್ತಿದ್ದಾನೆ. ಸರಿ, ಇಲ್ಲೇ ಬರೆದು ತೋರಿಸುತ್ತೇನೆ. ನೋಡಪ್ಪ, ಕೊಳವೆಬಾವಿಗಳು ಕೆಳಗಿನ ನೀರನ್ನೆಲ್ಲ ಎಳೆದಾಗ—

ಹೊಸ್ತಿಲಿಗೆ ಉಬ್ಬರದ ನೀರು ಬಂತು. ಅಪ್ಪ ಹೊರಗೆ ಓಡಿದ. ಕೂಗುತ್ತಿದ್ದಾನೆ: "ಚಪ್ಪಲಿ ಎತ್ತಿಡೇ! ಬೇಗ ಬಾ... ಏ, ತಲೆ ಜೋಪಾನ—"